ಬಿಡುವಿಲ್ಲದವರ ದೇವರು

ಮನುಷ್ಯನು ದೇವಾಲಯಕ್ಕೆ ಬಾರದಿರುವುದಕ್ಕೆ ಲೋಕದಲ್ಲಿ ಕಾರಣಗಳು ಅನಂತವಾಗಿವೆ. ಆದರೆ ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಿವಿಗೆ ಬೀಳತಕ್ಕದ್ದು ಒಂದೇ, ಅದೆಂದರೆ ಪುರುಸೊತ್ತಿಲ್ಲವೆಂಬುದು. ಕಾಸಾರಶಿರಸಿಯ ಸುತ್ತಣ ನಿಲಂಗಾ, ಉಮರ್ಗಾ, ಉದಗೀರ ಸೀಮೆಯ ಭಕ್ತರು ಎರಡು ಭಾಷೆಗಳನ್ನು ಬಲ್ಲವರಾದುದರಿಂದ ಈ ಒಂದು ಕಾರಣವನ್ನೇ ಎರಡು ನಾಲಗೆಗಳಿಂದ ಹೇಳಬಲ್ಲರು. ಮನೆಯ ಪಡಸಾಲೆಯಲ್ಲಿ 'ಪುರುಸೊತ್ತಿಲ್ಲ' ಎಂದವನು ಬಸ್ಸಿನ ನಿಲ್ದಾಣದಲ್ಲಿ 'ಫುರಸತ್ ನಾಹೀ' ಎನ್ನುತ್ತಾನೆ. ಮಾಲಿಕನ ಮುಂದೆ ನಿಂತಾಗ ಮಾತ್ರ ಎರಡು ಭಾಷೆಗಳೂ ಸಾಲದೆ ಸುಮ್ಮನೆ ತಲೆ ತುರಿಸಿಕೊಳ್ಳುತ್ತಾನೆ.

ಈ ಮಾತುಗಳ ಹುಟ್ಟನ್ನು ಸ್ವಲ್ಪ ವಿಚಾರಿಸುವುದು ಅಪ್ರಸ್ತುತವಾಗಲಾರದು. ರಜೆ ಎಂಬುದು ಅರಬ್ಬೀ ಮೂಲದಿಂದ ಬಂದ ಶಬ್ದ, ಮರಾಠಿಯಲ್ಲಿ ರಜಾ. ಮೂಲದಲ್ಲಿ ಅದಕ್ಕೆ ಒಪ್ಪಿಗೆ, ಸಮ್ಮತಿ ಎಂದು ಅರ್ಥ. ಅಂದಮೇಲೆ ರಜೆಯೆಂಬುದು ಕೇಳುವವನ ಕೈಯಲ್ಲಿರುವ ವಸ್ತುವೇ ಅಲ್ಲ. ಅದು ಕೊಡುವವನ ಮನಸ್ಸು. ಸೂಟಿ ಎಂಬ ಮಾತಾದರೋ ಮರಾಠಿಯ ಸುಟ್ಟಿ. ಕಟ್ಟಿನಿಂದ ಕಳಚಿಕೊಳ್ಳುವುದಕ್ಕೆ ಆ ಭಾಷೆಯಲ್ಲಿ ಸುಟಣೆ ಎನ್ನುತ್ತಾರೆ. ಕನ್ನಡದ ಬಿಡುವು ಎಂಬುದೂ ಬಿಡು ಎಂಬ ಧಾತುವಿನಿಂದ ಬಂದುದೇ. ಹೀಗೆ ಒಂದು ಮಾತಿನಲ್ಲಿ ಒಡೆಯನ ಮನಸ್ಸು ಕಾಣುತ್ತದೆ, ಉಳಿದೆರಡು ಮಾತುಗಳಲ್ಲಿ ಆಳಿನ ಕಾಲಿಗೆ ಬಿದ್ದ ಹಗ್ಗ ಕಾಣುತ್ತದೆ.

ಸುಳ್ಳಾಗಿ ಬಿಡುವಿಲ್ಲವೆನ್ನುವವರ ವಿಷಯವನ್ನು ಇಲ್ಲಿ ಹೆಚ್ಚು ಬೆಳೆಸಬೇಕಾಗಿಲ್ಲ. ಚಹದ ಅಂಗಡಿಯ ಕಟ್ಟೆಯ ಮೇಲೆ ಎರಡು ತಾಸು ಕುಳಿತು ಊರಿನ ರಾಜಕಾರಣವನ್ನೆಲ್ಲ ತೂಗಿ ನೋಡಿ, ಗುಡಿಯ ಗಂಟೆ ಕೇಳಿಸಿದಾಗ ಕೆಲಸದ ನೆನಪಾಗುವ ಮಹನೀಯರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರಿಗೆ ಉತ್ತರವನ್ನು ಅವರ ಮನೆಯವರೇ ಕೊಡುತ್ತಾರೆ. ಪ್ರಕೃತ ವಿಚಾರವು ನಿಜವಾಗಿಯೂ ಬಿಡುವು ಸಿಗದವರನ್ನು ಕುರಿತದ್ದು. ಬರಬೇಕೆಂಬ ಮನಸ್ಸಿದೆ, ಹರಕೆಯಿದೆ, ಒಂದು ತೆಂಗಿನಕಾಯಿಗೆ ಸಾಕಾಗುವ ಹಣವೂ ಗಂಟಿನಲ್ಲಿದೆ, ಬಿಡುವ ಒಡೆಯನಿಲ್ಲ. ಇಂಥವನಿಗೆ ಶಾಸ್ತ್ರವೂ ಪುರಾಣವೂ ಏನು ಹೇಳುತ್ತವೆ?

ಮೊದಲು ಈ ಸೀಮೆಯ ಪಂಚಾಂಗವನ್ನೂ ಹೊಲದ ಪಂಚಾಂಗವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳಿತು. ಆಷಾಢ ಶುದ್ಧ ಏಕಾದಶಿ ಪಂಢರಪುರದ ಮಹಾಯಾತ್ರೆ. ಅದು ಬಿತ್ತನೆಯ ಕಾಲ. ಮಳೆ ಸಕಾಲಕ್ಕೆ ಬಂದರೆ ಬಿತ್ತಿ ಹೊರಡಬಹುದು. ಮಳೆ ಹಿಂದಾದರೆ ವಾರಕರಿಯ ಒಂದು ಕಾಲು ದಿಂಡಿಯಲ್ಲಿ, ಇನ್ನೊಂದು ಕಾಲು ಕೂರಿಗೆಯ ಸಾಲಿನಲ್ಲಿ. ಮಕರಸಂಕ್ರಮಣಕ್ಕೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಜಾತ್ರೆ, ನಂದಿಧ್ವಜಗಳ ಉತ್ಸವ. ಅದು ಕಬ್ಬು ಕಡಿಯುವ ಕಾಲ. ಮಹಾಶಿವರಾತ್ರಿಗೆ ಹಿಂಗಾರಿ ಜೋಳದ ಸುಗ್ಗಿ. ಯುಗಾದಿಗೆ ಮುನ್ನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರು ಹೊರಡಬೇಕು. ಆಗ ಕಣದಲ್ಲಿ ರಾಶಿ. ದೇವರ ಹಬ್ಬಗಳೂ ಭೂಮಿತಾಯಿಯ ಕೆಲಸಗಳೂ ಒಂದೇ ದಿನಕ್ಕೆ ಬಂದು ಬಾಗಿಲಲ್ಲಿ ನಿಲ್ಲುತ್ತವೆ. ಸ್ವಂತ ಹೊಲವಿದ್ದವನಿಗೇ ಇದು ಸಂಕಟವಾದರೆ, ಅನ್ಯರ ಹೊಲದಲ್ಲಿ ದುಡಿಯುವವನ ಗತಿಯನ್ನು ಊಹಿಸಬಹುದು.

ಸಂತರ ಚರಿತ್ರೆಗಳಲ್ಲಿ ಈ ಸಂಕಟವು ಎಷ್ಟು ಬಾರಿ ಬಂದಿದೆಯೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ತಾಹರಾಬಾದದ ಮಹೀಪತಿಯು 1762ರಲ್ಲಿ ರಚಿಸಿದ 'ಭಕ್ತವಿಜಯ'ವನ್ನು ಮರಾಠಿ ಬಲ್ಲ ಮನೆಗಳಲ್ಲಿ ಪೋಥಿಯಾಗಿ ಓದುವ ರೂಢಿಯುಂಟು. ಅದರಲ್ಲಿ ಬರುವ ಸಖೂಬಾಯಿಯ ಕಥೆಯು ಹೆಣ್ಣುಮಕ್ಕಳಿಗೆಲ್ಲ ಪರಿಚಿತವಾದುದು. ಕೃಷ್ಣಾತೀರದ ಕರಾಡದಲ್ಲಿ ಆಕೆ ಸೊಸೆ. ನೀರಿಗೆ ಹೋದಾಗ ಪಂಢರಿಗೆ ಹೊರಟ ಯಾತ್ರಿಕರ ಭಜನೆಯನ್ನು ಕೇಳಿ, ಕೊಡವನ್ನು ಅಲ್ಲಿಯೇ ಬಿಟ್ಟು ಅವರೊಡನೆ ಹೆಜ್ಜೆ ಹಾಕಿದಳು. ಕೇಳಿದ್ದರೆ ಒಪ್ಪಿಗೆ ಸಿಗುತ್ತಿರಲಿಲ್ಲವೆಂದು ಆಕೆಗೆ ಗೊತ್ತು; ಆದುದರಿಂದ ಕೇಳಲಿಲ್ಲ. ಮನೆಯವರು ದಾರಿಯಿಂದ ಎಳೆತಂದರು, ಹೊಡೆದರು, ಕಂಬಕ್ಕೆ ಕಟ್ಟಿದರು. ಯಾತ್ರೆ ಮುಗಿದು ಜನ ಮರಳುವವರೆಗೆ ಕಟ್ಟು ಬಿಚ್ಚಕೂಡದೆಂದು ಅತ್ತೆಯ ಆಜ್ಞೆ. ಆಗ ವಿಠ್ಠಲನು ಒಬ್ಬ ಹೆಂಗಸಿನ ರೂಪದಿಂದ ಬಂದು ಅವಳ ಕಟ್ಟನ್ನು ಬಿಚ್ಚಿ, ಅದೇ ಹಗ್ಗದಿಂದ ತನ್ನನ್ನು ಅದೇ ಕಂಬಕ್ಕೆ ಕಟ್ಟಿಸಿಕೊಂಡು ಅವಳನ್ನು ಪಂಢರಿಗೆ ಕಳುಹಿಸಿದನು.

ಕಥೆಯ ಮುಂದಿನ ಭಾಗವನ್ನು ಕೀರ್ತನಕಾರರು ಅವಸರದಲ್ಲಿ ದಾಟಿಬಿಡುತ್ತಾರೆ. ಆದರೆ ತಿರುಳು ಇರುವುದು ಅಲ್ಲಿಯೇ. ಕೆಲವು ದಿನಗಳ ಮೇಲೆ ಗಂಡನಿಗೆ ಮರುಕ ಹುಟ್ಟಿ ಕಟ್ಟು ಬಿಚ್ಚಿದನು. ಆಗ ದೇವರು ಹೊರಟುಹೋಗಬಹುದಾಗಿತ್ತು. ಹೋಗಲಿಲ್ಲ. ನೀರು ತಂದನು, ಅಡಿಗೆ ಮಾಡಿದನು, ಅತ್ತೆಯ ಕಾಲೊತ್ತಿದನು. ಇತ್ತ ಪಂಢರಿಯಲ್ಲಿ ಸಖೂಬಾಯಿಯು ದೇವರ ಸನ್ನಿಧಿಯಲ್ಲಿಯೇ ಪ್ರಾಣ ಬಿಟ್ಟಳು. ಊರಿನ ಕಡೆಯವರೊಬ್ಬರು ಸಂಸ್ಕಾರವನ್ನೂ ಮಾಡಿದರು. ಇನ್ನು ಅವಳು ತಿರುಗಿ ಬರುವಂತಿಲ್ಲ. ಅವಳು ಬರುವವರೆಗೆ ಅವಳ ಕೆಲಸವನ್ನು ಬಿಟ್ಟು ಏಳುವಂತಿಲ್ಲ. ಜಗದೊಡೆಯನಿಗೇ ರಜೆ ಸಿಗದಂತಾಯಿತು! ಗಂಡನು ಸೊಸೆತನದಲ್ಲಿ ಸಿಕ್ಕಿಬಿದ್ದುದನ್ನು ಕಂಡು ಕಳವಳಗೊಂಡ ರುಕ್ಮಿಣಿಯು ಅಸ್ಥಿಗಳಿಂದ ಸಖೂಬಾಯಿಯನ್ನು ಎಬ್ಬಿಸಿ ಮನೆಗೆ ಕಳುಹಿಸಿದಳೆಂದೂ, ಆಗಲೇ ವಿಠ್ಠಲನು ಬಿಡುಗಡೆ ಹೊಂದಿದನೆಂದೂ ಕಥೆ. ಭಕ್ತಳಿಗೆ ಬಿಡುವು ಕೊಡಿಸಬೇಕಾದರೆ ಅವಳ ಕೆಲಸವನ್ನು ಯಾರಾದರೂ ಮಾಡಲೇಬೇಕು, ಮಾಯೆಯಿಂದ ಅದು ಮುಗಿಯುವುದಿಲ್ಲ, ಕಸ ತನ್ನಷ್ಟಕ್ಕೆ ಗುಡಿಸಿಹೋಗುವುದಿಲ್ಲ ಎಂಬುದನ್ನು ಹಳೆಯ ಕಥೆಗಾರರು ಎಷ್ಟು ಚೆನ್ನಾಗಿ ಅರಿತಿದ್ದರು!

ಸೇನಾ ನ್ಹಾವಿಯ ಚರಿತ್ರೆಯೂ ಇದೇ ಜಾತಿಯದು. ಆತನು ಅರಸನ ಕ್ಷೌರದ ಸೇವೆಯಲ್ಲಿದ್ದವನು. ಆ ಅರಸನು ಬೀದರದವನೆಂದು ಮಹಾರಾಷ್ಟ್ರದ ಕಡೆಯ ಒಂದು ಹೇಳಿಕೆ. ಬಾಂಧವಗಡದವನೆಂದು ಉತ್ತರದ ಹೇಳಿಕೆ. ಬೀದರವೆಂದರೆ ಈ ಭಾಗದವರಿಗೆ ನೆರೆಮನೆ. 1956ರವರೆಗೆ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿಯೇ ಇದ್ದವು. ಸೇನಾ ದೇವರ ಪೂಜೆಗೆ ಕುಳಿತಿದ್ದಾಗ ಅರಮನೆಯ ಕರೆ ಬಂದಿತು. ಮನೆಯಲ್ಲಿಲ್ಲವೆಂದು ಹೆಂಡತಿಯ ಬಾಯಿಂದ ಹೇಳಿಸಿದನು. ಮತ್ತೆ ಕರೆ, ಮತ್ತೆ ಅದೇ ಉತ್ತರ. ನೆರೆಯವನೊಬ್ಬನು ಅರಸನಿಗೆ ಚಾಡಿ ಹೇಳಿದನು; ಈ ಪಾತ್ರವಿಲ್ಲದ ಕಚೇರಿ ಅಂದೂ ಇರಲಿಲ್ಲ. ಕಟ್ಟಿ ಹೊಳೆಗೆ ಎಸೆಯಿರೆಂದು ಅಪ್ಪಣೆಯಾಯಿತು. ಆ ಹೊತ್ತಿಗೆ ದೇವರು ಸೇನಾನ ರೂಪವನ್ನು ತಾಳಿ, ಕತ್ತಿ ಕನ್ನಡಿಗಳ ಚೀಲವನ್ನು ಹೆಗಲಿಗೇರಿಸಿ, ಅರಸನ ಮುಂದೆ ಕೈಕಟ್ಟಿ ನಿಂತನು. ಕ್ಷೌರವಾಯಿತು, ತಲೆಗೆ ಎಣ್ಣೆಯೂ ಆಯಿತು. ಎಣ್ಣೆಯ ಬಟ್ಟಲಿನಲ್ಲಿ ಅರಸನು ನಾಲ್ಕು ಭುಜಗಳ ಮೂರ್ತಿಯ ಪ್ರತಿಬಿಂಬವನ್ನು ಕಂಡು ಬೆರಗಾದನು. ಸಂತೋಷದಿಂದ ಒಂದು ಮುಷ್ಟಿ ಹೊನ್ನನ್ನು ಕೊಟ್ಟನು; ಅದು ಚೀಲ ಸೇರಿತು.

ಆ ಬಳಿಕ ನಿಜವಾದ ಸೇನಾ ನಡುಗುತ್ತ ಅರಮನೆಗೆ ಬಂದಾಗ ಅರಸನು ಎದ್ದು ನಿಂತು ಗೌರವಿಸಿದನು. ಬಟ್ಟಲಿನ ರೂಪವನ್ನು ಮತ್ತೊಮ್ಮೆ ತೋರಿಸೆಂದು ಬೇಡಿದನು. ಈ ಸೇವಕನು ಬಟ್ಟಲಿನಲ್ಲಿ ನೋಡಿದರೆ ತನ್ನದೇ ಮುಖ! ಆಗ ಅವನಿಗೆ ಎಲ್ಲವೂ ತಿಳಿಯಿತು. ಆತನು ಹಿಗ್ಗಲಿಲ್ಲ, ಅತ್ತನು. ತನ್ನ ಸಲುವಾಗಿ ಸ್ವಾಮಿಯು ಕತ್ತಿ ಹಿಡಿಯಬೇಕಾಯಿತಲ್ಲಾ ಎಂದು ಅತ್ತನು. ಇಂದು ಸಹೋದ್ಯೋಗಿಯ ಹೆಗಲಿಗೆ ಕೆಲಸವನ್ನು ದಾಟಿಸಿ ಯಾತ್ರೆಗೆ ಹೋಗಿ ಬಂದವನು ಪ್ರಸಾದ ಕೊಡುವಾಗ ಆ ಕಣ್ಣೀರಿನ ಒಂದು ಹನಿಯನ್ನಾದರೂ ನೆನೆಯುವನೋ ಇಲ್ಲವೋ, ಹೇಳುವುದು ಕಷ್ಟ.

ತಮಿಳು ನಾಡಿನ ನಂದನಾರನ ಕಥೆಯಲ್ಲಿ ಒಡೆಯನ ಮಾತು ಇನ್ನೂ ಸ್ಪಷ್ಟವಾಗಿ ಬರುತ್ತದೆ. ಹನ್ನೆರಡನೆಯ ಶತಮಾನದ 'ಪೆರಿಯ ಪುರಾಣ'ದಲ್ಲಿ ಈ ಶಿವಭಕ್ತನಿಗೆ ತಿರುನಾಳೈಪ್ಪೋವಾರ್ ಎಂದು ಹೆಸರು. ನಾಳೆ ಹೋಗುವವನು ಎಂದು ಅದರ ಅರ್ಥ. ಅಸ್ಪೃಶ್ಯರೆಂದು ಊರು ದೂರವಿಟ್ಟ ಕುಲದಲ್ಲಿ ಹುಟ್ಟಿದ ಆತನು ಚಿದಂಬರದ ನಟರಾಜನನ್ನು ನೋಡಬೇಕೆಂದು ಹಂಬಲಿಸಿ ದಿನದಿನವೂ ನಾಳೆ ಹೋಗುವೆನೆನ್ನುತ್ತ ಉಳಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಗೋಪಾಲಕೃಷ್ಣ ಭಾರತಿಯವರು ಇದನ್ನು ಸಂಗೀತದ ಹರಿಕಥೆಯಾಗಿ ರಚಿಸಿದಾಗ ಅದರಲ್ಲಿ ಒಬ್ಬ ಜಮೀನುದಾರನನ್ನು ತಂದರು. ಆ ಒಡೆಯನು ಬೇಡವೆನ್ನುವುದಿಲ್ಲ. ಬೇಡವೆನ್ನದೆಯೇ ಬಿಡದಿರುವ ವಿದ್ಯೆ ಅವನಿಗೆ ಗೊತ್ತು. ನಾಲ್ವತ್ತು ವೇಲಿ ಭೂಮಿಯ ಸಾಗುವಳಿ ಮುಗಿಸಿ ಹೋಗು ಎನ್ನುತ್ತಾನೆ. ಒಬ್ಬನಿಂದ ಆಗತಕ್ಕ ಕೆಲಸವೇ ಅದು? ಅಂದು ರಾತ್ರಿ ಶಿವಗಣಗಳು ಇಳಿದು ಬಂದು ಬೆಳಗಾಗುವುದರೊಳಗೆ ಪೈರನ್ನು ನಿಲ್ಲಿಸಿದವೆಂದು ಕಥೆ. ಇಲ್ಲಿಯೂ ಕೆಲಸ ಉಳಿಯಲಿಲ್ಲ. ಆದರೆ ರಜೆ ದೊರೆತು ಚಿದಂಬರವನ್ನು ಮುಟ್ಟಿದ ಮೇಲೂ ಬಾಗಿಲು ತೆರೆಯಲಿಲ್ಲ. ನಂದನು ಬೆಂಕಿಯನ್ನು ಹೊಕ್ಕು ಶುದ್ಧನೆನಿಸಿಕೊಳ್ಳಬೇಕಾಯಿತು. ಬೆಂಕಿಯ ಪರೀಕ್ಷೆಯು ದುಡಿದವನಿಗೇಕೆ, ನಾಲ್ವತ್ತು ವೇಲಿಯ ಲೆಕ್ಕ ಹೇಳಿದವನಿಗೇಕಿಲ್ಲ ಎಂದು ಕೇಳುವವನು ನಾಸ್ತಿಕನೆನಿಸಬೇಕಾಗಿಲ್ಲ.

ಈ ಮೂರು ಕಥೆಗಳಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕೆಲಸವನ್ನು ಬಿಸುಟು ಬಾ ಎಂದು ದೇವರು ಯಾರನ್ನೂ ಕರೆಯಲಿಲ್ಲ. ಅರಸನ ಗಡ್ಡವು ಬೆಳೆದೇ ಇರಲಿ ಎನ್ನಲಿಲ್ಲ, ಅತ್ತೆಯು ಉಪವಾಸವಿರಲಿ ಎನ್ನಲಿಲ್ಲ, ಗದ್ದೆ ಬೀಳಾಗಲಿ ಎನ್ನಲಿಲ್ಲ. ಅವನು ಆ ಕೆಲಸವನ್ನು ತಾನು ಹೊತ್ತನು. ಒಬ್ಬನಿಗೆ ಬಿಡುವು ಕೊಡುವುದೆಂದರೆ ಅವನ ಕೆಲಸಕ್ಕೆ ತಾನು ನಿಲ್ಲುವುದು, ಇಲ್ಲವೆ ನಿಲ್ಲುವವರನ್ನು ಒದಗಿಸುವುದು. ಹಾಗೆ ನೋಡಿದರೆ ಈ ಕಥೆಗಳು ಸೇವಕರಿಗೆ ಹೇಳಿದವುಗಳೇ ಅಲ್ಲ. ಕೇಳಬೇಕಾದ ಕಿವಿಗಳು ಗಾದಿಯ ಮೇಲೆ ಕುಳಿತಿವೆ.

ಶರಣರ ಮಾರ್ಗದಲ್ಲಿ ಈ ಪ್ರಶ್ನೆಗೆ ಬೇರೊಂದು ಉತ್ತರವಿದೆಯೆಂದು ಕೆಲವರು ಹೇಳಬಹುದು. ಮತ್ತು ಅದು ನಿಜವೂ ಹೌದು. ಕಲ್ಯಾಣವು ಇಲ್ಲಿಂದ ದೂರವಲ್ಲ. ಅಮರೇಶ್ವರದಿಂದ ಆ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನು ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದನು. ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆತರೂ ದೋಷವಿಲ್ಲವೆಂಬುದು ಆತನ ವಚನದ ಅಭಿಪ್ರಾಯ. ಒಮ್ಮೆ ಆತನು ಅನುಭಾವದ ಗೋಷ್ಠಿಯಲ್ಲಿ ಮೈಮರೆತಿದ್ದಾಗ, ಕಾಯಕ ನಿಂತುಹೋಗಿದೆಯೆಂದು ಹೆಂಡತಿ ಲಕ್ಕಮ್ಮನು ಎಚ್ಚರಿಸಿ ಎಬ್ಬಿಸಿದಳು. ಆದುದರಿಂದ, ಹೊಲದಲ್ಲಿಯೋ ಕಾರಖಾನೆಯಲ್ಲಿಯೋ ಸಿಕ್ಕಿಬಿದ್ದು ಜಾತ್ರೆಗೆ ಬರಲಾಗದವನು ತಾನು ಪಾಪಿಯೆಂದು ಕೊರಗಬೇಕಾಗಿಲ್ಲ. ಅವನ ಕೈಯಲ್ಲಿರುವುದೇ ಅವನ ಪೂಜೆ. ಈ ಸಮಾಧಾನವು ದೊಡ್ಡದು. ಎಂಟುನೂರು ವರ್ಷಗಳಿಂದ ಅದು ಬಡವರ ಬೆನ್ನನ್ನು ನೆಟ್ಟಗಿಟ್ಟಿದೆ.

ಆದರೆ ಮಾತು ಯಾರ ಬಾಯಿಂದ ಬರುತ್ತದೆಯೆಂಬುದನ್ನು ನೋಡಬೇಕು. ಮಾರಯ್ಯನಿಗೆ ಒಡೆಯನಿರಲಿಲ್ಲ, ಅವನ ಹಾಜರಿಯನ್ನು ಬರೆಯುವ ಕಾರಕೂನನೂ ಇರಲಿಲ್ಲ. ದುಡಿಯುವವನು ತನಗೆ ತಾನೇ ಹೇಳಿಕೊಂಡಾಗ ಅದು ಅನುಭಾವ. ಅದೇ ಮಾತನ್ನು ಮಾಲಿಕನು ಆಳಿಗೆ ಹೇಳಿ ಶಿವರಾತ್ರಿಯ ದಿನವೂ ದುಡಿಸಿಕೊಂಡರೆ ಅದು ಅನುಭಾವವಲ್ಲ, ವಚನದ ಹೆಸರಿನಲ್ಲಿ ಮಾಡಿದ ಕಳವು. ಒಂದು ದಿನ ಗಂಡನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ತಿರುಗಿ ಕಳುಹಿಸಿದಳು. ಕಾಯಕದ ಮಾತನ್ನು ಆಡುವ ಧಣಿಗಳು ಈ ಅರ್ಧವನ್ನೂ ನೆನೆಯಬೇಕು. ಅಕ್ಕಿಯಲ್ಲಿ ಹೆಚ್ಚಿಗೆಯು ದೋಷವಾದರೆ, ಅನ್ಯನ ಆಯುಷ್ಯದಿಂದ ಹೆಚ್ಚಾಗಿ ತೆಗೆದುಕೊಂಡ ದಿನಗಳು ದೋಷವಲ್ಲವೆ?

ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ಕೀಲಿಕೈ ಯಾರಲ್ಲಿರುತ್ತದೆಯೋ ಅವರಿಗೆ ಬಿಡುವು ಸಿಗುವುದು ಎಲ್ಲರಿಗಿಂತ ಕಷ್ಟ. ಲೆಕ್ಕದ ಕೆಲಸವನ್ನು ಬಲ್ಲವರೆಲ್ಲ ಇದನ್ನು ಬಲ್ಲರು. ಭಂಡಾರದ ಹಣವು ಜಂಗಮರಿಗೆ ಹೋಗುತ್ತಿದೆಯೆಂದು ಅರಸನ ಕಿವಿಗೆ ದೂರು ಮುಟ್ಟಿತು. ತೆರೆಸಿ ಎಣಿಸಿದಾಗ ಒಂದು ಹೊನ್ನೂ ಕಡಿಮೆಯಿರಲಿಲ್ಲವೆಂದು ಬಸವಪುರಾಣದ ಕಥೆ. ಅದನ್ನು 1369ರಲ್ಲಿ ಭೀಮಕವಿಯು ಕನ್ನಡದಲ್ಲಿ ಹಾಡಿದ್ದಾನೆ. ಅರಮನೆಯ ಸೇವೆಯನ್ನೂ ಮಹಾಮನೆಯ ದಾಸೋಹವನ್ನೂ ಒಂದೇ ದಿನದ ಹಗಲಿನಲ್ಲಿ ನಡೆಯಿಸಿದ ಆ ಮಹಾಪುರುಷರಿಗೂ ಬಿಜ್ಜಳನ ಚಾಕರಿಯವನೆಂಬ ನಿಂದೆ ತಪ್ಪಲಿಲ್ಲ. ಹೊಟ್ಟೆಗಾಗಿಯಲ್ಲ, ದಾಸೋಹಕ್ಕಾಗಿ ಈ ಸೇವೆಯೆಂಬ ಉತ್ತರವನ್ನು ಅವರ ವಚನಗಳಲ್ಲಿ ಕಾಣಬಹುದು.

ಕೆಲಸದಲ್ಲಿ ಕೈಯಿಟ್ಟು ಮನಸ್ಸನ್ನು ದೇವರಲ್ಲಿಟ್ಟರೆ ಸಾಕಲ್ಲವೆ, ರಜೆಯೇಕೆ ಎನ್ನುವವರೂ ಇದ್ದಾರೆ. ಅವರು ತೇರ ಗ್ರಾಮದ ಗೋರಾ ಕುಂಬಾರನನ್ನು ನೆನೆಯಬೇಕು. ಧಾರಾಶಿವ ಜಿಲ್ಲೆಯ ಆ ಊರು ಈ ಸೀಮೆಯವರಿಗೆ ಅಪರಿಚಿತವಲ್ಲ. ಕೆಸರು ತುಳಿಯುತ್ತ ತುಳಿಯುತ್ತ ಆತನ ಮನಸ್ಸು ಪಂಢರಿಗೆ ಹೋಯಿತು. ಅಂಬೆಗಾಲಿಡುತ್ತ ಬಂದ ಸ್ವಂತ ಮಗುವು ಕಾಲಡಿಯಲ್ಲಿ ಸಿಕ್ಕಿದುದು ತಿಳಿಯಲಿಲ್ಲ. ದೇವರು ಮಗುವನ್ನು ಉಳಿಸಿಕೊಟ್ಟನೆಂದು ಕಥೆ ಮುಗಿಯುತ್ತದೆ. ಆದರೆ ತಾಯಿಯ ಆ ಗಳಿಗೆಯ ಕೂಗನ್ನು ಮುಗಿದ ಕಥೆಯು ಅಳಿಸಲಾರದು. ಇಂದು ಯಂತ್ರದ ಮುಂದೆ ನಿಂತವನ, ಬಸ್ಸಿನ ಚಕ್ರ ಹಿಡಿದವನ, ಕಬ್ಬಿನ ಗಾಣದ ಬಳಿ ಕುಳಿತವನ ಮನಸ್ಸು ಬೇರೆಡೆಗೆ ಹೋದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಮನಸ್ಸು ಹೊರಟ ಮೇಲೆ ದೇಹವನ್ನು ಮಾತ್ರ ಹಿಡಿದಿಟ್ಟುಕೊಳ್ಳುವುದರಲ್ಲಿ ಧಣಿಗೂ ಲಾಭವಿಲ್ಲ.

ಇನ್ನು ರಾಜಶಾಸನದ ಮಾತು. ವಾರಕ್ಕೊಂದು ಬಿಡುವು ಎಂಬುದು ಆಕಾಶದಿಂದ ಬಿದ್ದುದಲ್ಲ. ಮುಂಬಯಿಯ ಅರಿವೆ ಗಿರಣಿಗಳಲ್ಲಿ ಹಿಂದೆ ಕೆಲಸಗಾರರಿಗೆ ವಾರದ ರಜೆಯೇ ಇರಲಿಲ್ಲ. ಮಹಾತ್ಮ ಜ್ಯೋತಿಬಾ ಫುಲೆಯವರ ಅನುಯಾಯಿಗಳಾದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಸಭೆಗಳನ್ನು ಕೂಡಿಸಿ, ಸುಮಾರು 5,500 ಗಿರಣಿ ಕೆಲಸಗಾರರ ಸಹಿಗಳಿಂದ ಒಂದು ಮನವಿಯನ್ನು ಸಿದ್ಧಪಡಿಸಿದರು. ಪ್ರತಿ ರವಿವಾರ ಪೂರ್ಣ ವಿಶ್ರಾಂತಿ, ಮಧ್ಯಾಹ್ನ ಅರ್ಧ ತಾಸು ಬಿಡುವು, ಸೂರ್ಯಾಸ್ತಕ್ಕೆ ಕೆಲಸದ ಮುಕ್ತಾಯ ಮುಂತಾದವು ಅದರ ಬೇಡಿಕೆಗಳು. ಆರು ವರ್ಷಗಳ ಹೋರಾಟದ ಮೇಲೆ 1890ರ ಜೂನ್ 10ರಂದು ಗಿರಣಿ ಮಾಲಿಕರ ಸಂಘವು ರವಿವಾರದ ರಜೆಯನ್ನು ಒಪ್ಪಿಕೊಂಡಿತು. ರವಿವಾರವೇ ಏಕೆ? ಅದು ಖಂಡೋಬಾನ ವಾರವೆಂಬುದು ಲೋಖಂಡೆಯವರು ಮುಂದಿಟ್ಟ ಕಾರಣಗಳಲ್ಲೊಂದೆಂದು ಮಹಾರಾಷ್ಟ್ರದಲ್ಲಿ ಪ್ರಸಿದ್ಧವಾಗಿದೆ. ಮರಾಠಿಯ ಖಂಡೋಬಾನೇ ಕನ್ನಡದ ಮೈಲಾರಲಿಂಗ. ಅಣದೂರ ನಳದುರ್ಗಗಳಿಗೆ ಭಂಡಾರ ಹಚ್ಚಿಕೊಂಡು ಹೋಗುವ ಈ ಭಾಗದ ಮನೆತನಗಳಿಗೆ ಕುಲದೈವ. ಇಂಗ್ಲೀಷರ ಕಚೇರಿಗಳಿಗೆ ರವಿವಾರವು ಚರ್ಚಿನ ದಿನವಾಗಿ ಬಂದಿತು. ಗಿರಣಿಯ ಕೂಲಿಗೆ ಅದು ಮೈಲಾರನ ಹೆಸರಿನಲ್ಲಿ ದೊರೆಯಿತು. ರವಿವಾರ ಶಾಲೆಗೆ ಸೂಟಿಯೆಂದು ಕುಣಿಯುವ ಮಕ್ಕಳಿಗೆ ಹಿರಿಯರು ಇದನ್ನು ಹೇಳಿದರೆ ಒಳ್ಳೆಯದು.

ಸ್ವರಾಜ್ಯ ಬಂದ ಮರುವರ್ಷದ, ಅಂದರೆ 1948ರ, ಕಾರಖಾನೆಗಳ ಕಾಯಿದೆಯು ವರ್ಷದಲ್ಲಿ 240 ದಿನ ದುಡಿದ ವಯಸ್ಕನಿಗೆ ಮುಂದಿನ ವರ್ಷದಲ್ಲಿ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳದ ರಜೆಯನ್ನು ಗೊತ್ತುಮಾಡಿತು. ಕೊಡುವವನ ಒಪ್ಪಿಗೆಯು ದುಡಿದವನ ಹಕ್ಕಾದುದು ಹೀಗೆ. ಇದು ಪುಣ್ಯದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಕಾಯಿದೆಯ ಬೆಳಕು ಎಷ್ಟು ದೂರ ಬೀಳುತ್ತದೆ? ದಸರೆ ದೀಪಾವಳಿಗಳು ಮುಗಿಯುತ್ತಲೇ ಮರಾಠವಾಡದಿಂದ ಕಬ್ಬು ಕಡಿಯುವವರು ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕದ ಕಾರಖಾನೆಗಳಿಗೂ ಹೊರಡುತ್ತಾರೆ. ಗಂಡಹೆಂಡಿರಿಬ್ಬರೂ ಸೇರಿ ಒಂದು ಕೊಯ್ತಾ. ಲೆಕ್ಕದ ವಹಿಯಲ್ಲಿ ಅವರು ಇಬ್ಬರು ಮನುಷ್ಯರಲ್ಲ, ಒಂದು ಕುಡಗೋಲು. ಮುಕಾದಮನು ಮೊದಲೇ ಕೊಟ್ಟ ಉಚಲಿನ ಹಣವನ್ನು ಆರು ತಿಂಗಳು ಕಡಿದು ತೀರಿಸಬೇಕು. ಒಂದು ದಿನ ಮೈ ಸರಿಯಿಲ್ಲದೆ ಬಿಡಾರದಲ್ಲಿ ಮಲಗಿದರೆ ಆ ದಿನಕ್ಕೆ ಖಾಡಾ. ಖಾಡಾ ಎಂದರೆ ಕೂಲಿ ಸಿಗದಿರುವುದು ಮಾತ್ರವಲ್ಲ, ಮೇಲೆ ದಂಡ. ಉಳಿದವರಿಗೆ ಇಪ್ಪತ್ತು ದಿನಕ್ಕೊಂದು ದಿನ ಜಮೆಯಾದರೆ ಇವರಿಗೆ ರಜೆಯು ಸಾಲದ ಪುಟದಲ್ಲಿ ಖರ್ಚಾಗಿ ಬೀಳುತ್ತದೆ. ಇಂಥ ವಹಿಯನ್ನು ಬರೆಯುವವನ ಕೈ ನಡುಗದಿದ್ದರೆ ಅದು ಅಭ್ಯಾಸದ ಬಲವೇ ಸರಿ. ತಿಂಗಳ ದಿನಗಳಲ್ಲಿ ಕೆಲಸ ತಪ್ಪಬಾರದೆಂದೂ, ಹೊಟ್ಟೆನೋವಿನ ಚಿಕಿತ್ಸೆಯೆಂದೂ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು ಗರ್ಭಕೋಶವನ್ನೇ ತೆಗೆಸಿಕೊಂಡ ಸಂಗತಿಯು ಬೀಡ ಜಿಲ್ಲೆಯಿಂದ 2019ರಲ್ಲಿ ಬೆಳಕಿಗೆ ಬಂದು, ಸರಕಾರವು ವಿಚಾರಣೆಗೆ ಸಮಿತಿಯನ್ನು ನೇಮಿಸಿತು. ಸಂಕ್ರಮಣದ ಎಳ್ಳುಬೆಲ್ಲ ಬೀರುವಾಗ ಆ ಬೆಲ್ಲದ ಹಿಂದೆ ಯಾರ ಸಂಕ್ರಮಣ ತಪ್ಪಿಹೋಯಿತೆಂಬುದನ್ನು ಯಾವ ಕೀರ್ತನದಲ್ಲಿಯೂ ಹೇಳುವುದಿಲ್ಲ.

ಮನೆಯೊಳಗೂ ಒಂದು ಕಾರಖಾನೆಯಿದೆ. ಅದಕ್ಕೆ ರವಿವಾರವಿಲ್ಲ, ಹಬ್ಬವೆಂದರೆ ಅಲ್ಲಿ ಇಮ್ಮಡಿ ಪಾಳಿ. ಹೋಳಿಗೆ ತಟ್ಟಿ, ನೈವೇದ್ಯ ಕಟ್ಟಿ, ಗಂಡಸರನ್ನೂ ಮಕ್ಕಳನ್ನೂ ಜಾತ್ರೆಗೆ ಕಳುಹಿಸಿ, ಬೀಗರಿಗೆ ಬಡಿಸಿ, ಪಾತ್ರೆ ಬೆಳಗುವ ಹೊತ್ತಿಗೆ ಪಲ್ಲಕ್ಕಿ ಗುಡಿಗೆ ತಿರುಗಿರುತ್ತದೆ. ಸಖೂಬಾಯಿಯ ಕಥೆಯನ್ನು ಕೇಳಿ ಕಣ್ಣೊರೆಸಿಕೊಳ್ಳುವ ಅತ್ತೆಯರು ಸೊಸೆಯನ್ನು ಆ ಕೀರ್ತನಕ್ಕೆ ಕರೆದುತಂದಿದ್ದಾರೆಯೇ ಎಂದು ಒಮ್ಮೆ ಹಿಂದಿರುಗಿ ನೋಡುವುದು ಯೋಗ್ಯ. ಮಾವನೂ ಮಗನೂ ಒಂದು ಹೊತ್ತು ಒಲೆಯ ಮುಂದೆ ಕುಳಿತರೆ ಮರ್ಯಾದೆಗೆ ಕುಂದೆಂದು ಹೇಳುವವರಿಗೆ, ವಿಠ್ಠಲನು ಕರಾಡದಲ್ಲಿ ಅಡಿಗೆ ಮಾಡಿದ ಪ್ರಸಂಗವನ್ನು ಜ್ಞಾಪಿಸಬೇಕು.

ಬೇರೊಂದು ವರ್ಗದವರಿದ್ದಾರೆ. ಅವರಿಗೆ ಒಡೆಯನು ಕೊಟ್ಟರೂ ಅವರ ಧರ್ಮವು ರಜೆ ಕೊಡುವುದಿಲ್ಲ. 1993ರ ಸೆಪ್ಟೆಂಬರ್ 30ರಂದು, ಗಣಪತಿಯನ್ನು ಕಳುಹಿಸಿ ಜನರು ಮಲಗಿದ್ದ ನಸುಕಿನಲ್ಲಿ ಕಿಲ್ಲಾರಿಯ ಸುತ್ತಲಿನ ಮನೆಗಳು ಉರುಳಿಬಿದ್ದಾಗ, ದಾದಿಯರೂ ವೈದ್ಯರೂ ಸೈನಿಕರೂ ಹಗಲಿರುಳೆನ್ನದೆ ನಿಂತುದನ್ನು ಈ ಭಾಗದ ಹಿರಿಯರು ಮರೆಯಲಾರರು. ಆಷಾಢೀ ಏಕಾದಶಿಗೆ ರಾಜ್ಯ ಸಾರಿಗೆಯ ವಿಶೇಷ ಬಸ್ಸುಗಳು ಪಂಢರಪುರಕ್ಕೆ ಓಡುತ್ತವೆ. ಚಾಲಕನು ಭಕ್ತರನ್ನು ಇಳಿಸುತ್ತಾನೆ. ಶಿಖರವನ್ನು ದೂರದಿಂದ ನೋಡಿ ಕೈಮುಗಿದು ಬಸ್ಸನ್ನು ತಿರುಗಿಸುತ್ತಾನೆ. ಬಂದೋಬಸ್ತಿನ ಪೋಲೀಸನು ದೇವರಿಗೆ ಬೆನ್ನು ಮಾಡಿ ಜನರಿಗೆ ಮುಖ ಮಾಡಿ ನಿಂತಿರುತ್ತಾನೆ. ಇಷ್ಟು ಜನರ ದರ್ಶನವು ಅವರ ಅದರ್ಶನದ ಮೇಲೆ ನಿಂತಿದೆ.

ಗುಡಿಯ ಜೀರ್ಣೋದ್ಧಾರವೆಂದರೆ ಕಲ್ಲು ಸುಣ್ಣಗಳ ಕೆಲಸವಷ್ಟೇ ಅಲ್ಲವೆಂದು ಇಂಥ ಸಂದರ್ಭಗಳಲ್ಲಿ ಎಲ್ಲರೂ ಹೇಳುತ್ತಾರೆ. ಹಾಗಾದರೆ ಹಿರಿಯರು ಕೆಲವು ಸಣ್ಣ ವಿಷಯಗಳನ್ನು ಆಲೋಚಿಸಬಹುದು. ಕಲ್ಲು ಹೊತ್ತವರಿಗೂ ಗಾರೆ ಕಲಸಿದವರಿಗೂ ಕಳಸಾರೋಹಣದ ದಿನ ಬೇರೆ ಊರಿನಲ್ಲಿ ಕೆಲಸ ಹತ್ತಿರುತ್ತದೆ. ಒಂದು ದಿನದ ಕೂಲಿಯನ್ನು ಕಾಣಿಕೆಯ ಹಣದಿಂದ ಕೊಟ್ಟು ಅವರನ್ನು ಕುಟುಂಬಸಹಿತ ಕರೆಯಿಸಿದರೆ ದೇವರ ಭಂಡಾರ ಬರಿದಾಗುವುದಿಲ್ಲ. ಮಂಗಳಾರತಿಯಾದೊಡನೆ ಬಾಗಿಲಿಕ್ಕುವ ಗುಡಿಗಳು ರಾತ್ರಿಯ ಪಾಳಿ ಮುಗಿಸಿ ಬರುವವನಿಗಾಗಿ ವಾರದಲ್ಲಿ ಒಂದು ರಾತ್ರಿಯಾದರೂ ಇನ್ನೆರಡು ತಾಸು ತೆರೆದಿರಬಹುದು. ಕಬ್ಬಿಗೆ ಹೋದವರು ಬೇಸಗೆಯಲ್ಲಿ ತಿರುಗಿ ಬಂದ ಮೇಲೆ ಅವರಿಗಾಗಿ ಇನ್ನೊಂದು ಉತ್ಸವವಾಗಲಿ ಎಂದರೆ ಪಂಚಾಂಗದವರು ಮುಖ ಸಿಂಡರಿಸಬಹುದು, ಸಿಂಡರಿಸಲಿ. ಮತ್ತು ಅಂಗಡಿ, ಗಿರಣಿ, ಹೊಲ, ಕಚೇರಿಗಳ ಒಡೆಯರು ದೇಣಿಗೆಯ ಪಟ್ಟಿಯಲ್ಲಿ ಹೆಸರು ಬರೆಸುವಾಗ, ಆ ದಿನ ತಮ್ಮಲ್ಲಿ ದುಡಿಯುವ ಎಷ್ಟು ಜನರನ್ನು ಬಿಟ್ಟು ಕೊಡುವರೆಂಬುದನ್ನೂ ಅದೇ ಸಾಲಿನಲ್ಲಿ ಬರೆಸಿದರೆ ಆ ಪಟ್ಟಿ ದೇವರು ಓದತಕ್ಕಂಥದಾಗುತ್ತದೆ.

ಸೊಲ್ಲಾಪುರ ಜಿಲ್ಲೆಯ ಅರಣ ಎಂಬ ಊರಿನಲ್ಲಿ ಸಾವತಾ ಮಾಳಿಯೆಂಬ ತೋಟಗಾರನಿದ್ದನು. 1295ರಲ್ಲಿ ದೇಹವಿಟ್ಟನೆಂದು ಹೇಳುತ್ತಾರೆ. ಪಂಢರಪುರವು ಅಲ್ಲಿಂದ ಬಹು ದೂರವಲ್ಲ. ಆದರೂ ತೋಟದ ಬಾವಿ, ಕಾಯಿಪಲ್ಯದ ಮಡಿಗಳು ಅವನನ್ನು ಬಿಡಲಿಲ್ಲ, ಅವನೂ ಅವನ್ನು ಬಿಡಲಿಲ್ಲ. ವಿಠ್ಠಲನೇ ಬಂದು ಅವನ ಎದೆಯಲ್ಲಿ ಅಡಗಿ ಕುಳಿತನೆಂದು ಸಂತರ ಕಥೆ. ನಾಡಿನ ಸಂತರೆಲ್ಲರ ಪಲ್ಲಕ್ಕಿಗಳು ಆಷಾಢದಲ್ಲಿ ಪಂಢರಪುರಕ್ಕೆ ಬರುತ್ತವೆ. ಸಾವತಾ ಮಾಳಿಯದು ಮಾತ್ರ ಬರುವುದಿಲ್ಲ. ಏಕಾದಶಿಯು ಮುಗಿದು ಜನಜಂಗುಳಿ ಕರಗಿದ ಮೇಲೆ, ಅದೇ ಆಷಾಢದ ಬಹುಳದಲ್ಲಿ ಆ ತೋಟಗಾರನ ಪುಣ್ಯತಿಥಿಗೆ, ಪಾಂಡುರಂಗನ ಪಲ್ಲಕ್ಕಿಯೇ ಪಂಢರಪುರವನ್ನು ಬಿಟ್ಟು ಅರಣಕ್ಕೆ ಹೊರಡುತ್ತದೆ.